ಸಕ್ಕರೆ ಕಾಯಿಲೆ: ರಕ್ತದ ಲೆಕ್ಕ ಓದುವ ಬಗೆ



ಈ ತಿಂಗಳು ನಾವು ವ್ಯಾಪಾರದ ಮಾತು ಬದಿಗಿಟ್ಟು ಆರೋಗ್ಯದ ಮಾತು ಎತ್ತಿಕೊಂಡಿದ್ದೇವೆ. ಇದಕ್ಕೊಂದು ಕಾರಣ ಉಂಟು. ದಶಲಕ್ಷಣ ಪರ್ವ ಮುಗಿದ ಮೇಲೆ ನಮ್ಮೂರಿನ ಸಮಾಜದ ತರುಣರು ಮಂದಿರದ ಸಭಾಗೃಹದಲ್ಲಿ ಸಕ್ಕರೆ ತಪಾಸಣೆಯ ಒಂದು ಶಿಬಿರ ಇಟ್ಟುಕೊಂಡಿದ್ದರು. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ಬಂದವರ ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತ ತೆಗೆದು, ಅಂಗೈಯಷ್ಟು ಯಂತ್ರದಲ್ಲಿ ನೋಡಿ, ಚೀಟಿಯ ಮೇಲೆ ಅಂಕಿ ಬರೆದು ಕೊಡುತ್ತಿದ್ದರು. ಕೆಲಸ ಒಳ್ಳೆಯದೇ. ನಾವು ಹೆಸರು ಬರೆದುಕೊಳ್ಳುವ ಮೇಜಿನ ಹತ್ತಿರ ಕುಳಿತಿದ್ದರಿಂದ ಚೀಟಿ ಹಿಡಿದು ಹೊರಬರುವವರ ಮುಖಗಳನ್ನೆಲ್ಲ ನೋಡುವ ಯೋಗ ಬಂತು. ಅಂಕಿ ಎಲ್ಲರ ಕೈಯಲ್ಲಿತ್ತು. ಅದರ ಅರ್ಥ ಯಾರ ಕೈಗೂ ಸಿಕ್ಕಿರಲಿಲ್ಲ.

ಮೂರು ಚೀಟಿಗಳ ಸಂಗತಿ ಹೇಳುತ್ತೇವೆ. ಹೆಸರು ಬೇಡ.

ಬಟ್ಟೆ ಅಂಗಡಿಯ ಒಬ್ಬ ಗೃಹಸ್ಥರು ಮುಖ ಸಣ್ಣದು ಮಾಡಿಕೊಂಡು ಬಂದರು. "ಎಷ್ಟು ಬಂತ್ರೀ?" ಎಂದು ಕೇಳಿದೆವು. "ಎರಡ್ನೂರಾ ಹನ್ನೆರಡು ಅಣ್ಣಾರ. ಮುಗೀತು ನಮ್ಮ ಕಥಿ" ಎಂದು ಅಲ್ಲೇ ಕುರ್ಚಿಯ ಮೇಲೆ ಕುಳಿತುಬಿಟ್ಟರು. ಅವರ ಹಿಂದೆಯೇ ಬಂದ ಕಾಳುಕಡಿಯ ಅಡತಿ ವ್ಯಾಪಾರಸ್ಥರು ನಗುತ್ತ ಚೀಟಿ ತೋರಿಸಿದರು: 128. "ನೂರಾ ನಲವತ್ತರ ಒಳಗ ಅದ. ನಮಗ ಯಾವ ಸಕ್ರಿನೂ ಇಲ್ಲ, ಪಕ್ಕಿನೂ ಇಲ್ಲ" ಎಂದು ಚೀಟಿಯನ್ನು ಅಲ್ಲಿಯೇ ಹರಿದು ಬುಟ್ಟಿಗೆ ಹಾಕಿದರು. ಮೂರನೆಯವರು ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಅವರದು 82. ಶಿಬಿರದ ಫಲಕದಲ್ಲಿ ಮರಾಠಿಯಲ್ಲಿ 'ಉಪಾಶೀ ಪೋಟಿ' ಬರಬೇಕು ಎಂದು ಬರೆದಿದ್ದರು. ಖಾಲಿ ಹೊಟ್ಟೆಯಲ್ಲಿ ಎಂದು ಅದರ ಅರ್ಥ. ಮೊಮ್ಮಗ ಅದನ್ನು 'ಉಪವಾಸ ಮಾಡಿ ಬರಬೇಕಂತ' ಎಂದು ಓದಿ ಹೇಳಿದ್ದ. ಅಜ್ಜಿಯವರು ಹಿಂದಿನ ಇಡೀ ದಿನ ನಿಯಮ ಹಿಡಿದು ಪೂರ್ಣ ಉಪವಾಸ ಮಾಡಿ ಮರುದಿನ ಬೆಳಿಗ್ಗೆ ಬಂದು ಬೆರಳು ಕೊಟ್ಟಿದ್ದರು! ಗಡಿಭಾಗದ ನಮ್ಮ ಮನೆಗಳಲ್ಲಿ ರಿಪೋರ್ಟು ಇಂಗ್ಲಿಷಿನಲ್ಲಿ, ಡಾಕ್ಟರರ ಮಾತು ಮರಾಠಿಯಲ್ಲಿ, ಹಿರಿಯರ ತಿಳುವಳಿಕೆ ಕನ್ನಡದಲ್ಲಿ. ಹೀಗಾದರೆ ಆಶ್ಚರ್ಯವೇನು?

ಅಳುವವರಿಗೆ ಕಾಯಿಲೆ ಇರಲಿಲ್ಲ, ನಕ್ಕವರಿಗೆ ಇತ್ತು, ಅಜ್ಜಿಯವರ ಚೀಟಿ ಏನನ್ನೂ ಹೇಳುತ್ತಿರಲಿಲ್ಲ. ಇದು ಆಮೇಲೆ ಪರೀಕ್ಷೆ ಮಾಡಿಸಿದಾಗ ತಿಳಿದದ್ದು. ಹೇಗೆ ತಿಳಿಯಿತು ಎಂಬುದನ್ನೇ ಬಿಡಿಸಿ ಬರೆಯಬೇಕೆಂದು ಕುಳಿತಿದ್ದೇವೆ. ನಾವು ವೈದ್ಯರಲ್ಲ, ಮೆಟ್ರಿಕ್‌ವರೆಗೆ ಓದಿ ಗಾದಿಯ ಮೇಲೆ ಕುಳಿತವರು. ಆದರೆ ಲೆಕ್ಕ ಓದುವುದು ನಮ್ಮ ಕುಲಕಸುಬು, ಮತ್ತು ರಕ್ತದ ರಿಪೋರ್ಟು ಎಂಬುದು ಲೆಕ್ಕವೇ. ನಮ್ಮ ವೈದ್ಯ ಮಿತ್ರರ ಹತ್ತಿರ ಕುಳಿತು ಪ್ರತಿ ಅಂಕಿಯನ್ನೂ ತಾಳೆ ನೋಡಿಕೊಂಡು ಬರೆದಿದ್ದೇವೆ.

ಮೊದಲು ಒಂದು ಹಳೆಯ ಸಂಗತಿ. ನಮ್ಮ ಆಯುರ್ವೇದದವರು ಈ ರೋಗಕ್ಕೆ ಮಧುಮೇಹ ಎಂದು ಹೆಸರಿಟ್ಟದ್ದೇ ಮೂತ್ರದ ಸಿಹಿಯನ್ನು ಕಂಡು. ಇಂಗ್ಲೆಂಡಿನ ಮ್ಯಾಥ್ಯೂ ಡಾಬ್ಸನ್ ಎಂಬ ವೈದ್ಯ 1776ರಲ್ಲಿ, ಆ ಸಿಹಿ ಸಕ್ಕರೆಯದೇ, ಅದು ರಕ್ತದಲ್ಲಿಯೂ ಇರುತ್ತದೆ ಎಂದು ತೋರಿಸಿಕೊಟ್ಟ. ಆದರೂ ಬಹಳ ಕಾಲ ಮೂತ್ರದ ಪರೀಕ್ಷೆಯೇ ನಡೆದು ಬಂತು. ನೀಲಿ ದ್ರಾವಣದಲ್ಲಿ ಎಂಟು ಹನಿ ಮೂತ್ರ ಹಾಕಿ ಕುದಿಸಿದರೆ ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆಯ ಕೆಂಪು ಬರುವ ಬೆನೆಡಿಕ್ಟ್ ಪರೀಕ್ಷೆಯನ್ನು ನಮ್ಮ ವಯಸ್ಸಿನವರು ಕಣ್ಣಾರೆ ನೋಡಿದ್ದೇವೆ. ಇದರ ಕೊರತೆ ಏನೆಂದರೆ, ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟುವತನಕ ಮೂತ್ರಪಿಂಡಗಳು ಅದನ್ನು ಹೊರಗೆ ಬಿಡುವುದೇ ಇಲ್ಲ. ಅಂದರೆ 150-160 ಇದ್ದವನ ಮೂತ್ರ ನಿರ್ಮಲವಾಗಿಯೇ ಇರುತ್ತದೆ. "ಇರುವೆ ಮುತ್ತಿಲ್ಲ, ಆದ್ದರಿಂದ ಸಕ್ಕರೆ ಇಲ್ಲ" ಎಂದು ಈಗಲೂ ನಂಬುವ ಹಿರಿಯರು ನಮ್ಮಲ್ಲಿದ್ದಾರೆ. ಅವರ ಮಾತು ಕೇಳಬಾರದು. ರೋಗ ಇದೆಯೋ ಇಲ್ಲವೋ ಎಂಬ ತೀರ್ಮಾನ ರಕ್ತದಿಂದಲೇ ಆಗಬೇಕು.

ಇನ್ನು ಅಂಕಿಗಳಿಗೆ ಬರೋಣ. ಇವೆಲ್ಲ ನೂರು ಮಿಲಿಲೀಟರ್ ರಕ್ತದ್ರವದಲ್ಲಿ ಎಷ್ಟು ಮಿಲಿಗ್ರಾಂ ಗ್ಲೂಕೋಸ್ ಇದೆ ಎಂಬ ಲೆಕ್ಕ. ಕಡಿಮೆಯೆಂದರೆ ಎಂಟು ತಾಸು ನೀರಿನ ಹೊರತು ಏನೂ ತೆಗೆದುಕೊಳ್ಳದೆ, ತೋಳಿನ ರಕ್ತನಾಳದಿಂದ ತೆಗೆದ ರಕ್ತದಲ್ಲಿ 100ಕ್ಕಿಂತ ಕಡಿಮೆ ಇದ್ದರೆ ಸರಿ. 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ. ನಡುವಿನ 100ರಿಂದ 125ರವರೆಗಿನದು ಹೊಸ್ತಿಲು. ವಿಶ್ವ ಆರೋಗ್ಯ ಸಂಸ್ಥೆಯವರು ಈ ಹೊಸ್ತಿಲನ್ನು 110ರಿಂದ ಹಿಡಿಯುತ್ತಾರೆ, ಅಮೆರಿಕದ ಮಧುಮೇಹ ಸಂಘದವರು 100ರಿಂದ. ಡಾಕ್ಟರರಿಂದ ಡಾಕ್ಟರರಿಗೆ ಮಾತು ಬೇರೆಯಾಗುವುದು ಇದೇ ಕಾರಣಕ್ಕೆ, ಯಾರೂ ತಪ್ಪು ಹೇಳುತ್ತಿಲ್ಲ.

ಹಾಗಾದರೆ ನಮ್ಮ ಅಡತಿ ಮಿತ್ರರ 'ನೂರಾ ನಲವತ್ತು' ಎಲ್ಲಿಂದ ಬಂತು? ಅದು ಅವರ ತಲೆಯಿಂದ ಹುಟ್ಟಿದ್ದಲ್ಲ. 1997ಕ್ಕಿಂತ ಹಿಂದೆ ಖಾಲಿ ಹೊಟ್ಟೆಯ ಗೆರೆ 140 ಇತ್ತು. ಅದಕ್ಕಿಂತ ಕಡಿಮೆ ಇದ್ದವರಲ್ಲಿಯೂ ಕಣ್ಣಿನ ಪರದೆ ಕೆಡುತ್ತಿರುವುದು ಕಂಡುಬಂದದ್ದರಿಂದ ಆ ವರ್ಷ ಅಮೆರಿಕದವರು ಗೆರೆಯನ್ನು 126ಕ್ಕೆ ಇಳಿಸಿದರು. 1999ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಒಪ್ಪಿತು. ನಮ್ಮ ಮಿತ್ರರು ಅವರ ತೀರ್ಥರೂಪರ ಕಾಲದ ದರ ಹಿಡಿದುಕೊಂಡು ಇಂದಿನ ಪೇಟೆಗೆ ಬಂದಿದ್ದರು. ಅದಕ್ಕಿಂತ ಮುಖ್ಯ, ಅವರು ಹಿಂದಿನ ಸಂಜೆ ಸೂರ್ಯಾಸ್ತದ ಮೊದಲು ಉಂಡಿದ್ದರು, ಬೆಳಿಗ್ಗೆ ಏಳಕ್ಕೆ ಚಹಾ ಸಹ ಕುಡಿಯದೆ ಬೆರಳು ಕೊಟ್ಟಿದ್ದರು. ಊಟವಾದ ಎರಡು ತಾಸಿಗೆ 128 ಬಂದರೆ ಚಿಂತೆಯಿಲ್ಲ. ಹನ್ನೆರಡು ತಾಸಿನ ಖಾಲಿ ಹೊಟ್ಟೆಯಲ್ಲಿ 128 ಬಂದರೆ ಚಿಂತೆ ಉಂಟು. ಶಿಬಿರದ ಚೀಟಿಯ ಮೇಲೆ ಅಂಕಿ ಮಾತ್ರ ಇತ್ತು, ಯಾವಾಗ ಉಂಡದ್ದು ಎಂದು ಯಾರೂ ಬರೆದಿರಲಿಲ್ಲ. ತಾರೀಖು ಇಲ್ಲದ ಹುಂಡಿಯನ್ನು ನಾವು ಯಾರಾದರೂ ಪಡೆಯುತ್ತೇವೆಯೇ? ಮನೆಯವರು ಒತ್ತಾಯ ಮಾಡಿ ಲ್ಯಾಬಿಗೆ ಕರೆದುಕೊಂಡು ಹೋದ ಮೇಲೆ ಅವರ ಖಾಲಿ ಹೊಟ್ಟೆಯ ಸಕ್ಕರೆ 134 ಬಂತು, ಮೂರು ತಿಂಗಳ ಲೆಕ್ಕ ಶೇಕಡಾ 7.4 ಬಂತು. ಅಂದಿನಿಂದ ಅವರು ಔಷಧದ ಮೇಲಿದ್ದಾರೆ. ಅವರಿಗೆ ಬಾಯಾರಿಕೆ ಇರಲಿಲ್ಲ, ರಾತ್ರಿ ಮೂತ್ರಕ್ಕೆ ಏಳುತ್ತಿರಲಿಲ್ಲ, ಮೈ ಇಳಿದಿರಲಿಲ್ಲ. ಈ ಕಾಯಿಲೆಯ ದೊಡ್ಡ ಕಪಟವೇ ಇದು. ಲಕ್ಷಣಗಳ ದಾರಿ ಕಾಯುತ್ತ ಕುಳಿತರೆ ಕಣ್ಣು, ಮೂತ್ರಪಿಂಡ, ಪಾದ ಇವುಗಳಲ್ಲಿ ಯಾವುದೋ ಒಂದು ಮೊದಲು ಸುದ್ದಿ ಕಳಿಸುತ್ತದೆ. ನಮಗೆ ಪರಿಚಿತರಾದ ಒಬ್ಬರಿಗೆ ಸಕ್ಕರೆ ಇದೆಯೆಂದು ಮೊದಲು ಹೇಳಿದವರು ಕನ್ನಡಕದ ನಂಬರು ನೋಡಲು ಕುಳಿತ ಕಣ್ಣಿನ ಡಾಕ್ಟರರು. ಆಗಲೇ ಎಡಗಣ್ಣಿನ ಪರದೆಯಲ್ಲಿ ರಕ್ತ ಸೋರಿತ್ತು.

ಮೂರು ತಿಂಗಳ ಲೆಕ್ಕ ಎಂದೆವಲ್ಲ, ಅದನ್ನು ಬಿಡಿಸಿ ಹೇಳಬೇಕು. ರಿಪೋರ್ಟಿನಲ್ಲಿ ಎಚ್‌ಬಿ ಎ ಒನ್ ಸಿ ಎಂದು ಬರೆದಿರುತ್ತದೆ. ನಮ್ಮ ರಕ್ತದ ಕೆಂಪು ಕಣಗಳ ಆಯುಷ್ಯ ಸುಮಾರು 120 ದಿನ. ಆ ಕಣಗಳೊಳಗಿನ ಹಿಮೋಗ್ಲೋಬಿನ್‌ಗೆ ರಕ್ತದಲ್ಲಿಯ ಸಕ್ಕರೆ ಮೆಲ್ಲಗೆ ಅಂಟಿಕೊಳ್ಳುತ್ತ ಹೋಗುತ್ತದೆ. ಸಕ್ಕರೆ ಹೆಚ್ಚಿದ್ದಷ್ಟೂ ಅಂಟಿಕೊಳ್ಳುವುದೂ ಹೆಚ್ಚು. ಒಮ್ಮೆ ಅಂಟಿದ್ದು ಕಣ ಸಾಯುವವರೆಗೆ ಬಿಡುವುದಿಲ್ಲ. ನೂರಕ್ಕೆ ಎಷ್ಟು ಭಾಗಕ್ಕೆ ಅಂಟಿದೆ ಎಂದು ಅಳೆದರೆ ಹಿಂದಿನ ಎರಡು-ಮೂರು ತಿಂಗಳ ಸರಾಸರಿ ತಿಳಿಯುತ್ತದೆ. ಶೇಕಡಾ 5.7ಕ್ಕಿಂತ ಕಡಿಮೆ ಇದ್ದರೆ ಸರಿ, 5.7ರಿಂದ 6.4 ಹೊಸ್ತಿಲು, 6.5 ಮತ್ತು ಮೇಲಿನದು ಕಾಯಿಲೆ. ಮಧುಮೇಹಿಗಳಲ್ಲಿ ಈ ಅಂಶ ಹೆಚ್ಚಿರುವುದನ್ನು ಇರಾನಿನ ಸಾಮುಯೆಲ್ ರಹಬರ್ ಎಂಬ ವಿಜ್ಞಾನಿ 1960ರ ದಶಕದ ಕೊನೆಗೆ ಗುರುತಿಸಿದರು. ಆದರೆ ರೋಗ ನಿರ್ಧಾರಕ್ಕೆ ಇದನ್ನು ಬಳಸಬಹುದು ಎಂದು ಅಮೆರಿಕದವರು ಒಪ್ಪಿದ್ದು 2010ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2011ರಲ್ಲಿ.

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಖಾಲಿ ಹೊಟ್ಟೆಯ ಸಕ್ಕರೆ ಎಂದರೆ ಇಂದು ಬೆಳಿಗ್ಗೆ ಗಲ್ಲಾದಲ್ಲಿದ್ದ ರೋಕಡ. ಈ ಮೂರು ತಿಂಗಳ ಪರೀಕ್ಷೆ ಎಂದರೆ ಖತಾವಣಿ. ರೋಕಡವನ್ನು ಒಂದು ದಿನದ ಮಟ್ಟಿಗೆ ಹೆಚ್ಚು-ಕಡಿಮೆ ಮಾಡಿ ತೋರಿಸಬಹುದು. ನಮ್ಮ ಜನರಲ್ಲಿ ಇದೊಂದು ವಿಚಿತ್ರ ರೂಢಿ: ನಾಳೆ ರಕ್ತ ಕೊಡುವುದಿದ್ದರೆ ಇಂದು, ನಿನ್ನೆ ಎರಡು ದಿನ ಸಿಹಿ ಬಿಟ್ಟು, ಅರ್ಧ ಭಕ್ಕರಿ ತಿಂದು, ಬೆಳಿಗ್ಗೆ ಎದ್ದು ನಾಲ್ಕು ಸುತ್ತು ತಿರುಗಿ ಬಂದು ಕೈ ಚಾಚುತ್ತಾರೆ. ರಿಪೋರ್ಟು ಚೆನ್ನಾಗಿ ಬಂತೆಂದು ಅದೇ ದಿನ ಜಿಲೇಬಿ ತರಿಸುತ್ತಾರೆ. ಆದಾಯ ತೆರಿಗೆಯವರಿಗೆ ತೋರಿಸುವ ಲೆಕ್ಕದಂತೆ ತಮ್ಮ ದೇಹಕ್ಕೇ ಒಂದು ಎರಡನೆಯ ವಹಿ ಇಡುವುದು ಯಾವ ಜಾಣತನವೋ ನಮಗೆ ತಿಳಿಯದು. ಖತಾವಣಿಯ ಮುಂದೆ ಈ ಆಟ ನಡೆಯುವುದಿಲ್ಲ. ಅದಕ್ಕೆ ಖಾಲಿ ಹೊಟ್ಟೆಯೂ ಬೇಕಿಲ್ಲ, ಯಾವ ಹೊತ್ತಿಗಾದರೂ ಕೊಡಬಹುದು. ಖರ್ಚು ಮಾತ್ರ ಸಾದಾ ಪರೀಕ್ಷೆಗಿಂತ ಹೆಚ್ಚು.

ಆದರೆ ಖತಾವಣಿಯೂ ಕೆಲವೊಮ್ಮೆ ತಪ್ಪುತ್ತದೆ. ಇದು ನಮ್ಮ ಹೆಣ್ಣುಮಕ್ಕಳಿಗೆ ಬಹಳ ಸಂಬಂಧಪಟ್ಟ ಮಾತು. ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತಹೀನತೆ ಇದ್ದರೆ ಈ ಅಂಕಿ ಇದ್ದುದಕ್ಕಿಂತ ಹೆಚ್ಚಾಗಿ ಬರಬಹುದು. ಈಚೆಗೆ ರಕ್ತ ಹೋಗಿದ್ದರೆ, ಬೇರೆಯವರ ರಕ್ತ ಏರಿಸಿದ್ದರೆ, ಕೆಂಪು ಕಣಗಳು ಬೇಗ ಒಡೆಯುವ ಕಾಯಿಲೆ ಇದ್ದರೆ ಕಡಿಮೆಯಾಗಿ ಬರಬಹುದು. ಥಲಸೇಮಿಯದಂತಹ ವಂಶಪಾರಂಪರ್ಯದ ದೋಷವಿದ್ದವರಲ್ಲಿಯೂ, ಬಸುರಿಯರಲ್ಲಿಯೂ ಇದೊಂದನ್ನೇ ನಂಬಿ ತೀರ್ಮಾನ ಮಾಡಲಾಗದು.

ನಮ್ಮ ಅಜ್ಜಿಯವರದು ಇದೇ ಆಯಿತು. ದಿನವಿಡೀ ಉಪವಾಸ ಮಾಡಿ ಬಂದ 82ಕ್ಕೆ ಬೆಲೆಯಿಲ್ಲವೆಂದು ಡಾಕ್ಟರರು ಮೂರು ತಿಂಗಳ ಪರೀಕ್ಷೆ ಮಾಡಿಸಿದರು. 6.8 ಬಂತು. ಮಗ ಗಾಬರಿಯಾಗಿ ಮಾತ್ರೆ ಬರೆದು ಕೊಡಿ ಎಂದ. ಡಾಕ್ಟರರು ತಡೆದು ಹಿಮೋಗ್ಲೋಬಿನ್ ನೋಡಿದರೆ ಅದು 8ಕ್ಕೆ ಇಳಿದಿತ್ತು. ಆಗ ಅವರು ಗ್ಲೂಕೋಸ್ ಕುಡಿಸುವ ಪರೀಕ್ಷೆ ಮಾಡಲು ಹೇಳಿದರು. ಇದು ಹಳೆಯ, ಪಕ್ಕಾ ವಿಧಾನ. ರಾತ್ರಿಯ ಖಾಲಿ ಹೊಟ್ಟೆಯ ನಂತರ ಒಮ್ಮೆ ರಕ್ತ ತೆಗೆದು, 75 ಗ್ರಾಂ ಗ್ಲೂಕೋಸನ್ನು ಒಂದು ದೊಡ್ಡ ಲೋಟ ನೀರಿನಲ್ಲಿ ಕರಗಿಸಿ ಐದು ನಿಮಿಷದೊಳಗೆ ಕುಡಿಸಿ, ಎರಡು ತಾಸು ಸುಮ್ಮನೆ ಕೂರಿಸಿ, ಮತ್ತೆ ರಕ್ತ ತೆಗೆಯುತ್ತಾರೆ. ಎರಡನೆಯದು 140ರ ಕೆಳಗಿದ್ದರೆ ಸರಿ, 200 ಮತ್ತು ಮೇಲಿದ್ದರೆ ಕಾಯಿಲೆ, ನಡುವೆ ಇದ್ದರೆ ಹೊಸ್ತಿಲು. ಅಜ್ಜಿಯವರದು 176. ಅಂದರೆ ಕಾಯಿಲೆ ಇನ್ನೂ ಆಗಿಲ್ಲ, ಆದರೆ ಬಾಗಿಲಿಗೆ ಬಂದು ನಿಂತಿದೆ. ಸಕ್ಕರೆಯ ಮಾತ್ರೆಯ ಬದಲು ಅವರಿಗೆ ಕಬ್ಬಿಣದ ಮಾತ್ರೆ ಸಿಕ್ಕಿತು, ದಿನಾಲು ನಡೆಯಬೇಕೆಂಬ ಹುಕುಂ ಸಿಕ್ಕಿತು. ಆರು ತಿಂಗಳಿಗೆ ಮತ್ತೆ ನೋಡುವವರಿದ್ದಾರೆ.

ಈ ಗ್ಲೂಕೋಸ್ ಪರೀಕ್ಷೆಯಲ್ಲಿ ನಮ್ಮ ಸಮಾಜದವರು ಮರೆಯಬಾರದ ಒಂದು ಅಂಶ ಇದೆ. ಪರೀಕ್ಷೆಯ ಹಿಂದಿನ ಮೂರು ದಿನ ಎಂದಿನಂತೆ ಹೊಟ್ಟೆ ತುಂಬ ಭಕ್ಕರಿ, ಚಪಾತಿ, ಅನ್ನ ಉಂಡಿರಬೇಕು. ಉಪವಾಸ, ಏಕಾಶನ ಮಾಡಿ ದೇಹ ಒಣಗಿರುವಾಗ ಒಮ್ಮೆಗೇ 75 ಗ್ರಾಂ ಗ್ಲೂಕೋಸ್ ಕುಡಿದರೆ ಆ ದೇಹಕ್ಕೆ ಅದನ್ನು ಸಾಗಿಸುವ ಅಭ್ಯಾಸ ತಪ್ಪಿರುತ್ತದೆ, ಕಾಯಿಲೆ ಇಲ್ಲದವರಿಗೂ ಅಂಕಿ ಮೇಲೇರುತ್ತದೆ. ಆದ್ದರಿಂದ ಪರ್ವದ ದಿನಗಳಲ್ಲಿ, ಅಷ್ಟಾಹ್ನಿಕದಲ್ಲಿ, ದೀರ್ಘ ಉಪವಾಸದ ಪಾರಣೆಯ ಮರುದಿನ ಈ ಪರೀಕ್ಷೆಗೆ ಹೋಗಬೇಡಿರಿ. ಖಾಲಿ ಹೊಟ್ಟೆ ಎಂದರೆ ಎಂಟರಿಂದ ಹದಿನಾಲ್ಕು ತಾಸು ಮಾತ್ರ. ಸೂರ್ಯಾಸ್ತದ ಮೊದಲು ಉಣ್ಣುವ ನಮ್ಮ ಮನೆಗಳಿಗೆ ಇದೊಂದು ಅನುಕೂಲ: ಸಂಜೆ ಆರಕ್ಕೆ ಉಂಡವರು ಬೆಳಿಗ್ಗೆ ಏಳಕ್ಕೆ ಹೋದರೆ ಹದಿಮೂರು ತಾಸು, ಸರಿಯಾಗಿ ಕೂಡುತ್ತದೆ. ಒಂಬತ್ತು, ಹತ್ತರವರೆಗೆ ಸಾಲಿನಲ್ಲಿ ಕೂರಿಸುವ ಲ್ಯಾಬಿಗೆ ಮಾತ್ರ ಹೋಗಬೇಡಿರಿ.

ಬಟ್ಟೆ ಅಂಗಡಿಯವರ 212ರ ಮಾತು ಉಳಿಯಿತು. ಅವರು ಆ ದಿನ ಬಂದವರಿಗೆಲ್ಲ ಪೇಢೆ ಹಂಚುತ್ತಿದ್ದರು. ಅದೇ ಕೈಯಲ್ಲಿ ಬಂದು ಬೆರಳು ಚಾಚಿದರು. ಚುಚ್ಚುವ ಹುಡುಗ ಸ್ಪಿರಿಟ್ ಹತ್ತಿಯಿಂದ ಒಂದು ಸಲ ಒರೆಸಿದನೇ ಹೊರತು ಕೈ ತೊಳೆಸಲಿಲ್ಲ. ಬೆರಳ ತುದಿಯಲ್ಲಿ ಸಿಹಿಯ ಲೇಶ ಉಳಿದಿದ್ದರೂ ಆ ಸಣ್ಣ ಹನಿಯೊಳಗೆ ಅದು ಕಲಸಿ ಅಂಕಿ ಎಲ್ಲಿಗೋ ಹೋಗುತ್ತದೆ. ಹಣ್ಣು ಹೆಚ್ಚಿದ ಕೈಗೂ ಇದೇ ಗತಿ. ಸಾಬೂನಿನಿಂದ ತೊಳೆದು, ಪೂರ್ತಿ ಒರೆಸಿ ಚುಚ್ಚಿಸಿಕೊಳ್ಳಬೇಕು. ಮೂರು ದಿನ ಅವರು ಊಟ ಬಿಟ್ಟು, ನಿದ್ದೆ ಬಿಟ್ಟು, ಅಂಗಡಿಯ ಕಾರಭಾರ ಮಗನಿಗೆ ಒಪ್ಪಿಸುವ ಮಾತಾಡಿದರಂತೆ. ನಾಲ್ಕನೆಯ ದಿನ ತೋಳಿನಿಂದ ರಕ್ತ ಕೊಟ್ಟರು: ಖಾಲಿ ಹೊಟ್ಟೆಯದು 97, ಮೂರು ತಿಂಗಳದು 5.5.

ಕೈ ಯಂತ್ರವನ್ನು ನಾವು ಹಳಿಯುತ್ತಿಲ್ಲ. ಕಾಯಿಲೆ ಇದೆಯೆಂದು ಗೊತ್ತಾದವರು ಮನೆಯಲ್ಲಿ ದಿನದ ಏರಿಳಿತ ನೋಡಿಕೊಳ್ಳಲು ಅದು ಬಹಳ ಉಪಕಾರಿ. ಯಾರನ್ನು ಲ್ಯಾಬಿಗೆ ಕಳಿಸಬೇಕು ಎಂದು ಆರಿಸಲು ಶಿಬಿರದಲ್ಲಿಯೂ ಉಪಯೋಗ. ಆದರೆ ಯಂತ್ರಗಳ ಅಂತರರಾಷ್ಟ್ರೀಯ ಮಾನದಂಡವೇ ಶೇಕಡಾ 15ರಷ್ಟು ಆಚೆ-ಈಚೆಯನ್ನು ಒಪ್ಪುತ್ತದೆ. ಅಂದರೆ ನಿಜವಾದ 126 ಅದರಲ್ಲಿ 107 ಎಂದೂ ಬರಬಹುದು, 145 ಎಂದೂ ಬರಬಹುದು. ತಕ್ಕಡಿಯಲ್ಲಿ ಇಷ್ಟು ವ್ಯತ್ಯಾಸ ಬಂದರೆ ಮಾಪನ ಇಲಾಖೆಯವರು ನಮ್ಮನ್ನು ಬಿಡುತ್ತಾರೆಯೇ? ಪಟ್ಟಿಗಳ ಡಬ್ಬಿಯ ಮುಚ್ಚಳ ತೆರೆದಿಟ್ಟು ಥಂಡಿ ಹಿಡಿದಿದ್ದರೆ, ಅವಧಿ ಮುಗಿದಿದ್ದರೆ ಇನ್ನೂ ಕೆಡುಕು. ಹೀಗಾಗಿ ಬೆರಳಿನ ಅಂಕಿಯ ಮೇಲೆ ಯಾರಿಗೂ 'ನಿಮಗೆ ಸಕ್ಕರೆ ಇದೆ' ಎಂದು ಹೇಳಬಾರದು, 'ಇಲ್ಲ' ಎಂದೂ ಹೇಳಬಾರದು.

ಲ್ಯಾಬಿನ ರಕ್ತಕ್ಕೂ ಒಂದು ಎಚ್ಚರಿಕೆ ಬೇಕು. ತೆಗೆದ ರಕ್ತ ಶೀಶೆಯೊಳಗೂ ಜೀವಂತ ಇರುತ್ತದೆ. ಅದರ ಕಣಗಳು ತಮ್ಮ ಸುತ್ತಲಿನ ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ, ತಾಸಿಗೆ ಶೇಕಡಾ 5ರಿಂದ 7ರಂತೆ. ಔಷಧ ಹಾಕದ ಶೀಶೆ ಮೇಜಿನ ಮೇಲೆ ಎರಡು ತಾಸು ಬಿದ್ದರೆ 130 ಇದ್ದದ್ದು 115ರ ಹತ್ತಿರ ಬಂದು ನಿಲ್ಲುತ್ತದೆ. ಇದನ್ನು ತಡೆಯಲು ಫ್ಲೋರೈಡ್ ಪುಡಿ ಹಾಕಿದ ಬೂದು ಬಣ್ಣದ ಮುಚ್ಚಳದ ಶೀಶೆ ಇರುತ್ತದೆ. ಅದು ಕೂಡ ಕೂಡಲೇ ಪೂರ್ತಿ ತಡೆಯುವುದಿಲ್ಲ. ನಮ್ಮ ತಾಲೂಕಿನ ಊರುಗಳಲ್ಲಿ ರಕ್ತ ತೆಗೆದು ಬಸ್ಸಿನ ಮೇಲೆ ಸೋಲಾಪುರಕ್ಕೋ ಸಾಂಗಲಿಗೋ ಕಳಿಸುವ ಕೇಂದ್ರಗಳು ಬಹಳ ಆಗಿವೆ. ಸಕ್ಕರೆಯ ಪರೀಕ್ಷೆಯನ್ನು ಅಲ್ಲಿಯೇ ಮಾಡುತ್ತೀರೋ, ಕಳಿಸುತ್ತೀರೋ ಎಂದು ಕೇಳಿರಿ. ಸರಕು ಕೊಳ್ಳುವಾಗ ನೂರು ಪ್ರಶ್ನೆ ಕೇಳುವ ನಾವು ರಕ್ತ ಕೊಡುವಾಗ ಮಾತ್ರ ಮೂಕರಾಗುತ್ತೇವೆ.

ಇನ್ನೊಂದು ನಿಯಮ. ಬಾಯಾರಿಕೆ, ಬಹುಮೂತ್ರ, ಮೈ ಇಳಿಯುವುದು ಇವೆಲ್ಲ ಇದ್ದು, ಯಾವ ಹೊತ್ತಿನಲ್ಲಿ ತೆಗೆದ ರಕ್ತದಲ್ಲಾದರೂ 200 ಮತ್ತು ಮೇಲೆ ಬಂದರೆ ಮತ್ತೆ ಸಾಕ್ಷಿ ಬೇಕಿಲ್ಲ. ಲಕ್ಷಣಗಳು ಏನೂ ಇಲ್ಲದವರಿಗೆ ಒಂದೇ ಅಂಕಿ ಸಾಲದು. ಖಾಲಿ ಹೊಟ್ಟೆಯದೂ ಮೂರು ತಿಂಗಳದೂ ಎರಡೂ ಗೆರೆ ದಾಟಿರಬೇಕು, ಇಲ್ಲವೇ ಇನ್ನೊಂದು ದಿನ ಮತ್ತೆ ಮಾಡಿಸಿ ನೋಡಬೇಕು. ಜ್ವರದಲ್ಲಿ, ಆಪರೇಶನ್ ಆದ ಹೊಸದರಲ್ಲಿ, ದಮ್ಮಿಗೋ ಸಂಧಿನೋವಿಗೋ ಸ್ಟಿರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವಾಗ ಸಕ್ಕರೆ ಏರುವುದುಂಟು. ಅದನ್ನು ಡಾಕ್ಟರರ ಮುಂದೆ ಮುಚ್ಚಿಡಬಾರದು. ಊಟದ ನಂತರದ 'ಪಿ.ಪಿ.' ಪರೀಕ್ಷೆ ನಮ್ಮಲ್ಲಿ ಬಹಳ ರೂಢಿಯಲ್ಲಿದೆ. ಅದರ ಎರಡು ತಾಸನ್ನು ಮೊದಲ ತುತ್ತಿನಿಂದ ಎಣಿಸಬೇಕು, ಕೈ ತೊಳೆದ ಮೇಲಿಂದಲ್ಲ. ಒಬ್ಬರ ಊಟ ಎರಡು ಭಕ್ಕರಿ, ಇನ್ನೊಬ್ಬರದು ಮದುವೆಯ ಹೋಳಿಗೆ. ಆದ್ದರಿಂದ ರೋಗ ನಿರ್ಧಾರಕ್ಕೆ ಅಳತೆಯ ಗ್ಲೂಕೋಸೇ ಗಟ್ಟಿ.

"ನಾವು ಮದ್ಯ-ಮಾಂಸ ಮುಟ್ಟುವವರಲ್ಲ, ಗಡ್ಡೆ-ಗೆಣಸು ತಿನ್ನುವವರಲ್ಲ, ರಾತ್ರಿ ಉಣ್ಣುವವರಲ್ಲ, ನಮಗೆ ಈ ರೋಗ ಎಲ್ಲಿಂದ?" ಎಂದು ಕೇಳುವವರಿದ್ದಾರೆ. ನಿಯಮಗಳು ಒಳ್ಳೆಯವೇ. ಆದರೆ ಬೆಳಿಗ್ಗೆ ಒಂಬತ್ತಕ್ಕೆ ಗಾದಿಯ ಮೇಲೆ ಕುಳಿತವರು ಸಂಜೆವರೆಗೆ ಏಳದಿರುವುದು, ಗಿರಾಕಿ ಬಂದಾಗೊಮ್ಮೆ ಸಕ್ಕರೆ ಹಾಕಿದ ಚಹಾ, ಡಬ್ಬಿಯಲ್ಲಿ ಸದಾ ಚಕ್ಕುಲಿ-ಶೇವು-ಲಾಡು, ತಂದೆಗೂ ತಾತನಿಗೂ ಇದ್ದ ರೋಗದ ಬಳುವಳಿ, ಇವು ಯಾವ ನಿಯಮದೊಳಗೆ ಬಂದಿವೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯ ವರದಿ 2023ರಲ್ಲಿ ಪ್ರಕಟವಾಯಿತು. ಅದರಂತೆ 2021ರಲ್ಲಿ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿ 10 ಲಕ್ಷ, ಹೊಸ್ತಿಲಲ್ಲಿ ನಿಂತವರು 13 ಕೋಟಿ 60 ಲಕ್ಷ. ಅತಿ ಹೆಚ್ಚಿನ ಪ್ರಮಾಣ ಗೋವೆಯಲ್ಲಿ, ಶೇಕಡಾ 26.4. ಕೇರಳವೂ ಶೇಕಡಾ 25ರ ಮೇಲಿದೆ. ಆ ಎರಡೂ ಕಡೆ ನಮ್ಮ ವಾಚಕರಿದ್ದಾರೆ, ಅವರು ಇದನ್ನು ಎರಡು ಸಲ ಓದಲಿ. ಮೂವತ್ತು ದಾಟಿದ ಎಲ್ಲರನ್ನೂ ತಪಾಸಣೆ ಮಾಡಬೇಕೆಂದು ಸರಕಾರದ ಕಾರ್ಯಕ್ರಮವೇ ಇದೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅದಕ್ಕೆ ಹಣ ಕೊಡಬೇಕಿಲ್ಲ. ನಮ್ಮ ಮನೆಗಳಲ್ಲಿ ಗಂಡಸರು ವಿಮೆಯ ಸಲುವಾಗಿಯಾದರೂ ಎಂದೋ ಒಮ್ಮೆ ರಕ್ತ ಕೊಟ್ಟಿರುತ್ತಾರೆ. ಅಡಿಗೆಮನೆಯಲ್ಲಿದ್ದವರ ರಕ್ತವನ್ನು ಮಾತ್ರ ಯಾರೂ ನೋಡಿರುವುದಿಲ್ಲ.

ಈಗಾಗಲೇ ಸಕ್ಕರೆಯ ಮಾತ್ರೆ, ಇನ್ಸುಲಿನ್ ಇರುವವರು ಉಪವಾಸದ ಸಂಕಲ್ಪ ಮಾಡುವ ಮೊದಲು ಡಾಕ್ಟರರಿಗೆ ತಿಳಿಸಲೇಬೇಕು. ಊಟವಿಲ್ಲದೆ ಕೆಲವು ಮಾತ್ರೆಗಳನ್ನು ನುಂಗಿದರೆ ಸಕ್ಕರೆ 70ರ ಕೆಳಗಿಳಿದು ಬೆವರು, ನಡುಕ, ಮೂರ್ಛೆ ಬರುತ್ತದೆ. ಇದರ ಬಗ್ಗೆ ಬೇರೆ ಒಮ್ಮೆ ಬರೆಯುತ್ತೇವೆ.

ಚಿಕ್ಕ ಮಕ್ಕಳ ಮಾತು ಬೇರೆ, ಅಲ್ಲಿ ಸಾವಕಾಶ ಇಲ್ಲ. ಆಡುವ ಮಗು ಕೆಲವೇ ವಾರಗಳಲ್ಲಿ ಸೊರಗಿದರೆ, ಗಂಟೆಗೊಮ್ಮೆ ನೀರು ಕೇಳಿದರೆ, ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟದ್ದು ಮತ್ತೆ ಶುರು ಮಾಡಿದರೆ, ನಾಳೆ ಖಾಲಿ ಹೊಟ್ಟೆಯಲ್ಲಿ ನೋಡೋಣ ಎಂದು ಕಾಯಬಾರದು. ಆ ಕ್ಷಣದ ರಕ್ತವನ್ನೇ ನೋಡಿಸಬೇಕು. ಮಕ್ಕಳಿಗೆ ಬರುವ ಬಗೆಯಲ್ಲಿ ಇನ್ಸುಲಿನ್ ಉತ್ಪತ್ತಿಯೇ ನಿಂತುಹೋಗುತ್ತದೆ. ವಾಂತಿ, ಹೊಟ್ಟೆನೋವು, ಜೋರಾದ ಉಸಿರಾಟ ಶುರುವಾದರೆ ತಾಸುಗಳ ಲೆಕ್ಕ, ನೇರ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ದೃಷ್ಟಿ ತೆಗೆಯುವುದು ಆಮೇಲೆ.

ಕೊನೆಯದಾಗಿ ಬಸುರಿಯರ ಮಾತು. ಮೊದಲು ಎಂದೂ ಸಕ್ಕರೆ ಇಲ್ಲದ ಹೆಣ್ಣುಮಗಳಿಗೆ ಬಸಿರಿನಲ್ಲಿ ಅದು ಕಾಣಿಸಬಹುದು. ಅದು ತಾಯಿಗೂ ಕೆಟ್ಟದ್ದು, ಕೂಸಿಗೂ ಕೆಟ್ಟದ್ದು. ನಮ್ಮ ದೇಶದಲ್ಲಿ ಇದಕ್ಕೆ ಸುಲಭದ ಒಂದು ವಿಧಾನ ಜಾರಿಯಲ್ಲಿದೆ, ಚೆನ್ನೈನ ಡಾಕ್ಟರ್ ವಿ. ಶೇಷಯ್ಯನವರು ಮತ್ತು ಅವರ ಸಂಗಡಿಗರು ಬೆಳೆಸಿದ್ದು. ಊಟ ಆಗಿರಲಿ ಬಿಡಲಿ, 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ತಾಸಿಗೆ ರಕ್ತ ನೋಡುತ್ತಾರೆ. ಇಲ್ಲಿ ಗೆರೆ 200 ಅಲ್ಲ, 140. ಮೊದಲ ತಪಾಸಣೆಯಲ್ಲಿ ಒಮ್ಮೆ, ಅದು ಸರಿ ಇದ್ದರೂ 24ರಿಂದ 28ನೆಯ ವಾರದೊಳಗೆ ಇನ್ನೊಮ್ಮೆ ಮಾಡಿಸಬೇಕು. ಈ ಎರಡನೆಯದು ನಮ್ಮಲ್ಲಿ ತಪ್ಪಿಹೋಗುತ್ತದೆ. ಸೀಮಂತದ ಓಡಾಟ, ಕರೆಯುವುದು, ತವರಿಗೆ ಕಳಿಸುವುದು ಇವೆಲ್ಲ ಅದೇ ಹೊತ್ತಿಗೆ ಬರುತ್ತವೆ. ಅತ್ತೆಯ ಮನೆಯವರು ತವರಿನಲ್ಲಿ ಮಾಡಿಸುತ್ತಾರೆ ಎಂದುಕೊಳ್ಳುತ್ತಾರೆ, ತವರಿನವರು ಅಲ್ಲಿ ಆಗಿರಬೇಕು ಎಂದುಕೊಳ್ಳುತ್ತಾರೆ. ಸಕ್ಕರೆ ಬಂದಿದ್ದರೂ 'ಬೀಗರಿಗೆ ಹೇಳಬೇಡ, ಹೆಸರು ಕೆಡುತ್ತದೆ' ಎಂದು ಫೈಲನ್ನು ಕಪಾಟಿನಲ್ಲಿಟ್ಟ ಮನೆಯನ್ನೂ ನಾವು ಬಲ್ಲೆವು. ಆ ಹುಡುಗಿ ತವರಿಗೆ ಹೋದಾಗ ಅಲ್ಲಿಯ ಡಾಕ್ಟರರಿಗೆ ಏನೂ ಗೊತ್ತಿರಲಿಲ್ಲ. ಕೂಸು ನಾಲ್ಕೂವರೆ ಕಿಲೋ ತೂಗಿತು, ಹುಟ್ಟಿದ ಮೇಲೆ ಅದರ ಸಕ್ಕರೆ ತೀರ ಇಳಿದು ಐದು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ಬದುಕಿತು, ಈಗ ಬಾಲವಾಡಿಗೆ ಹೋಗುತ್ತಿದೆ. ತಾಯಿಯನ್ನು ಮಾತ್ರ ಹೆರಿಗೆಯ ನಂತರ ಯಾರೂ ಪರೀಕ್ಷಿಸಿರಲಿಲ್ಲ. ಬಸಿರಿನಲ್ಲಿ ಸಕ್ಕರೆ ಬಂದವರು ಹೆರಿಗೆಯಾದ ಆರು ವಾರಕ್ಕೆ ಮತ್ತೆ ಗ್ಲೂಕೋಸ್ ಕುಡಿದು ನೋಡಿಸಬೇಕು. ಅಷ್ಟರಲ್ಲಿ ಸರಿಯಾಗಿದ್ದರೂ ಮುಂದೆ ಅದು ಮರಳಿ ಬರುವ ಸಂಭವ ಹೆಚ್ಚು, ಆದ್ದರಿಂದ ವರ್ಷಕ್ಕೊಮ್ಮೆ ನೋಡಿಸುತ್ತಿರುವುದು ಲೇಸು. ಈ ಆರು ವಾರದ ತಾರೀಖನ್ನು ತೊಟ್ಟಿಲ ಕಾರ್ಯದ ಮುಹೂರ್ತ ಬರೆದುಕೊಂಡ ಕ್ಯಾಲೆಂಡರಿನಲ್ಲಿಯೇ ಬರೆದಿಡಿರಿ, ಮತ್ತು ಮಗಳು ಯಾವ ಮನೆಯಲ್ಲಿ ಇರುತ್ತಾಳೋ ಫೈಲು ಅದೇ ಮನೆಗೆ ಹೋಗಲಿ.